ಕುಂಟುವ ಬಾತುಕೋಳಿ

ಮರ ಕಡೆದು ಆಟಿಕೆ ಮಾಡುತ್ತಿದ್ದ ಅವನನ್ನು ಬೀದಿಯ ಮಕ್ಕಳೆಲ್ಲ ಬುಗುರಿ ಮಾವ ಎಂದೇ ಕರೆಯುತ್ತಿದ್ದರು. ಲೇತಿಗೆ ಮರದ ತುಂಡು ಸಿಕ್ಕಿಸಿ ಉಳಿ ತಾಗಿಸಿದರೆ ಸಾಕು, ಕೈಗೆ ಅಳತೆ ತಾನಾಗಿಯೇ ಬರುತ್ತಿತ್ತು. ಗಾಲಿಯ ತೂತು ನಡು ತಪ್ಪಿದ್ದು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಹಾಗಾಗಿ, ಅವನ ಅಂಗಡಿಯಲ್ಲೇ ಬಣ್ಣ ಹಚ್ಚುತ್ತಿದ್ದ ಅಕ್ಕ ದಾರ ಕಟ್ಟಿ ಎಳೆಯುವ ಒಂದು ಗಾಲಿಯ ಬಾತುಕೋಳಿ ಮಾಡಿ ತೋರಿಸಿದಾಗ ನಕ್ಕುಬಿಟ್ಟ.

“ಏನಕ್ಕಾ ಇದು, ಕುಡಿದವರ ಹಾಗೆ ನಡೀತಿದೆ? ತೂತು ಪಕ್ಕಕ್ಕೆ ಹೋಗಿದೆ.”

“ಹೋಗಿಲ್ಲ ಕಣೋ ಜಾಣ, ನಾನೇ ಪಕ್ಕಕ್ಕೆ ಕೊರೆದಿದ್ದು. ನೆಟ್ಟಗೆ ಓಡೋದು ಕೊಟ್ರೆ ನನ್ನ ಮಗಳು ಎಸೀತಾಳೆ. ಇದು ಅವಳ ಥರಾನೇ ನಡೆಯುತ್ತೆ, ನೋಡು.”

ಹುಟ್ಟಿದಾಗಿನಿಂದ ಒಂದು ಕಾಲು ಎಳೆಯುತ್ತಿದ್ದ ಮಗು ದಾರ ಹಿಡಿದು ಅಂಗಡಿಯ ಉದ್ದಕ್ಕೂ ನಡೆಯಿತು. ಬಾತುಕೋಳಿ ಓಲಾಡುತ್ತ ಹಿಂಬಾಲಿಸಿತು. ಅವನ ನಗು ಅಲ್ಲೇ ನಿಂತಿತು.

ಮಗಳು ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಆ ಬಾತುಕೋಳಿ ಅಕ್ಕನ ಕಿಟಕಿಯಲ್ಲೇ ಇತ್ತು. ಅಂಥವನ್ನೇ ಮಾಡಿ ಮಾರಬಹುದೆಂದು ಹೊಳೆದದ್ದು ಬುಗುರಿ ಮಾವನಿಗೆ. ಸಲಹೆ ಕೇಳಲು ಹೋದಾಗ, ಅಂಗಡಿಯಲ್ಲಿಡುವ ಮೊದಲೇ ವಿನ್ಯಾಸವನ್ನು ನೋಂದಾಯಿಸಿ, ಇಲ್ಲದಿದ್ದರೆ ಕಂಡವರೆಲ್ಲ ಕದಿಯುತ್ತಾರೆ ಎಂದರು ವಕೀಲರು. ಅದು ಒಳ್ಳೆಯ ಮಾತೇ. “ರೂಪಿಸಿದ್ದು ಯಾರು?” ಎಂದಾಗ ಅಕ್ಕನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

“ನಾನೇ” ಎಂದ.

ಅವಳಿಗೇಕೆ ಕಚೇರಿಯ ಅಲೆದಾಟ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ನೋಂದಣಿಯ ವಿಷಯವನ್ನೇ ಅವಳಿಗೆ ತಿಳಿಸಲಿಲ್ಲ. ಆದರೆ ಅಂದಿನಿಂದ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ಒಂದು ಮಾತೇ ಕಿವಿಯಲ್ಲಿ. ದೇವರೆದುರು ಬೇರೇನನ್ನೂ ಕೇಳಲು ಬಾಯಿ ಬರುತ್ತಿರಲಿಲ್ಲ.

ಬಾತುಕೋಳಿಗೆ ಬೇಡಿಕೆ ಬಂದಾಗ ಅಕ್ಕನೂ ಆಸ್ಪತ್ರೆಯ ಗೇಟಿನ ಬಳಿ ಗಾಡಿ ಇಟ್ಟು, ತಾನೇ ಮಾಡಿದವನ್ನು ಮಾರತೊಡಗಿದಳು. ಇತ್ತ ಅವನು, ನಕಲು ಮಾಡುವವರನ್ನು ಹುಡುಕಿ ತಡೆಯಿರಿ ಎಂದು ವಕೀಲರಿಗೆ ಹೇಳಿ ಮರೆತೇಬಿಟ್ಟಿದ್ದ.

ಒಂದು ಮಧ್ಯಾಹ್ನ ಆ ಕಡೆ ಹೋದರೆ ಗಾಡಿಯ ಮೇಲೆ ಬರೀ ಗಿಲಕಿಗಳು.

“ಬಾತುಕೋಳಿ ಎಲ್ಲಿ ಅಕ್ಕಾ?”

ಅಕ್ಕ ಗಾಡಿಯ ಕೆಳಗೆ ಬಟ್ಟೆ ಮುಚ್ಚಿದ್ದ ಬುಟ್ಟಿಯನ್ನು ಕಣ್ಣಲ್ಲೇ ತೋರಿಸಿದಳು. “ವಕೀಲರ ಕಡೆಯವನೊಬ್ಬ ಬಂದಿದ್ದ ಕಣೋ. ಇದು ಯಾರದೋ ಹೆಸರಲ್ಲಿದೆಯಂತೆ. ಮಾಡಿದ್ರೆ ಕೋರ್ಟಂತೆ.”

ಅವನು ಗಿಲಕಿಯೊಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ.

“ಮೊದಲು ಉರಿದುಹೋಯ್ತು” ಎಂದಳು ಅಕ್ಕ. “ ಆಮೇಲೆ ಅನ್ನಿಸ್ತು, ಪಾಪ, ಅವನ ಮನೇಲೂ ಕಾಲೆಳೆಯೋ ಮಗು ಇದೆಯೇನೋ. ಇಲ್ದಿದ್ರೆ ಇಂಥದ್ದು ಹೊಳೆಯುತ್ತಾ, ಹೇಳು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ.

“ಇಲ್ಲಕ್ಕಾ. ಅವನ ಮನೇಲಿ ಅಂಥ ಮಗು ಇಲ್ಲ.”

“ನಿನಗೆ ಹೇಗೆ ಗೊತ್ತು?”

“ಅವನು ನಾನೇ.”

ಅಕ್ಕ ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು, ಮುಖವನ್ನಲ್ಲ.

“ವಕೀಲರಿಗೆ ಫೋನ್ ಮಾಡು. ನನ್ನೆದುರಿಗೇ.”

ಮಾಡಿದ. “ರೂಪಿಸಿದ್ದು ನಮ್ಮಕ್ಕ. ನಾನು ಸುಳ್ಳು ಹೇಳಿದ್ದೆ ಸ್ವಾಮಿ” ಎಂದ.

“ಏನ್ರೀ ಮಾಡಿಟ್ರಿ!” ಎಂದು ವಕೀಲರು ಕೂಗಿದ್ದು ಅಕ್ಕನಿಗೂ ಕೇಳಿಸಿತು. “ನಾಳೆ ಇಬ್ರೂ ಬನ್ನಿ, ಹೇಗೆ ಸರಿಮಾಡೋದು ನೋಡೋಣ. ಅವರ ವ್ಯಾಪಾರಕ್ಕೆ ಇನ್ನು ಯಾರೂ ಅಡ್ಡ ಬರಲ್ಲ.”

ಅಕ್ಕ ಬಟ್ಟೆ ಸರಿಸಿ ಬುಟ್ಟಿ ಎಳೆದಳು. ಭಾರವಿತ್ತು. ಅವನು ಬಗ್ಗಿದ.

“ನೀನು ಮುಟ್ಟಬೇಡ.”

ಒಂದೊಂದೇ ಬಾತುಕೋಳಿಯನ್ನು ಒರೆಸಿ ಅವಳು ಗಾಡಿಯ ಮೇಲಿಟ್ಟಳು. ಎಲ್ಲ ಇಟ್ಟು ಮುಗಿಯುವವರೆಗೂ ಅವನು ಬಿಸಿಲಲ್ಲಿ ನಿಂತೇ ಇದ್ದ.