ಅಕ್ಕನ ಮುಂದೆ ನಡೆದ ಭಾನುವಾರ

ನಾನು ಬಾಯಿಬಡುಕಿ. ಇದು ಅಕ್ಕ ನನಗಿಟ್ಟ ಹೆಸರು. ದೆಹಲಿಯ ಲಕ್ಷ್ಮೀ ನಗರದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, "ಸ್ವಲ್ಪ ಸುಮ್ನಿರ್ತೀಯಾ?" ಎಂದು ಗದರುತ್ತಿದ್ದಳು. ಹಾಗಾಗಿ ಆ ಫೆಬ್ರವರಿಯ ಭಾನುವಾರ, ಫರೀದಾಬಾದಿನಾಚೆಯ ಅರಾವಳಿ ಗುಡ್ಡಗಳ ಬುಡದಲ್ಲಿ ಮಿನಿ ಬಸ್ಸಿನಿಂದ ಇಳಿಯುತ್ತಲೇ, "ನೀನು ನನ್ನ ಮುಂದೆ ನಡಿ, ಮಾತಾಡ್ತಾ ಇರು" ಎಂದು ಅವಳೇ ಹೇಳಿದಾಗ ನನಗೆ ಸ್ವರ್ಗಕ್ಕೆ ಮೂರೇ ಗೇಣು.

ದೆಹಲಿಯ ಕನ್ನಡದವರು ಹತ್ತು ಹನ್ನೆರಡು ಜನ ಸೇರಿ ಹೊರಟಿದ್ದೆವು. ಹೆಚ್ಚಿನವರು ನೋಯ್ಡಾ, ಗುರ್‌ಗಾಂವ್‌ಗಳ ಐಟಿ ಕಂಪನಿಗಳಲ್ಲಿ ದುಡಿಯುವವರು. ಮುಂದಾಳು ಮಾತ್ರ ಉಡುಪಿ ಕಡೆಯ ಹೋಟೆಲಿನವರು, ಎಲ್ಲರಿಗೂ ಹೋಟೆಲಣ್ಣ. ಬತ್ತಿದ ಹೊಳೆಯೊಂದರ ಪಾತ್ರದಲ್ಲೇ ನಡೆದು, ಬಂಡೆಗಳನ್ನು ಹತ್ತಿ ಇಳಿದು, ಕಣಿವೆಯ ಆಚೆ ತುದಿಯಲ್ಲಿ ಮತ್ತೆ ಬಸ್ಸು ಸೇರಬೇಕಿತ್ತು. ಅದನ್ನು ಹೊಳೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ಬೂದು ಮರಳು, ಹರಿದ ಗುಟ್ಕಾ ಪೊಟ್ಟಣಗಳು, ಎರಡೂ ದಡದಲ್ಲಿ ಧೂಳು ಹಿಡಿದ ಬಳ್ಳಾರಿ ಜಾಲಿ. ಇಲ್ಲಿನವರು ಅದನ್ನು ಕೀಕರ್ ಎನ್ನುತ್ತಾರೆ, ಮುಳ್ಳು ಮಾತ್ರ ನಮ್ಮೂರಿನದೇ.

ನಮ್ಮೂರು ಚಿತ್ರದುರ್ಗ. ಕೋಟೆಯ ಬಂಡೆಗಳ ಮೇಲೆ ಅಕ್ಕ ಬರಿಗಾಲಲ್ಲಿ ಓಡುತ್ತಿದ್ದರೆ ನಾನು ಕೆಳಗೆ ನಿಂತು "ಅಮ್ಮಂಗೆ ಹೇಳ್ತೀನಿ" ಎಂದು ಅಳುತ್ತಿದ್ದೆ. ಹೋಟೆಲಣ್ಣನಿಗೂ ಅದು ಗೊತ್ತಿತ್ತು.

"ಕೋಟೆ ಊರಿನವರು ನೀವು, ಮುಂದೆ ಹೋಗಿ ಮಾರಾಯ್ರೆ."

ಅಕ್ಕ ನಕ್ಕು ಎಲ್ಲರಿಗಿಂತ ಹಿಂದೆ ಉಳಿದಳು.

ನಾನು ಮಾತಾಡಿದೆ. ಮನೆ ಮಾಲೀಕನ ನೀರಿನ ಮೋಟರು, ಆಫೀಸಿನ ಮ್ಯಾನೇಜರನ ಕೆಮ್ಮು, ಹಳಸಿದ ಪನೀರ್ ಕಟ್ಟಿಕೊಟ್ಟ ಅಂಗಡಿಯ ಭಯ್ಯಾ, ಒಂದನ್ನೂ ಬಿಡಲಿಲ್ಲ. ಉಸಿರು ತೆಗೆದುಕೊಳ್ಳಲು ನಿಂತರೆ ಹಿಂದಿನಿಂದ "ಆಮೇಲೆ?" ಎನ್ನುತ್ತಿದ್ದಳು. ಇಷ್ಟು ಮರ್ಯಾದೆ ನನಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಬೆಳಿಗ್ಗೆ ಅವಳು ಹಟ ಹಿಡಿದು ತೊಡಿಸಿದ್ದ ಆ ಕಣ್ಣು ಕುಕ್ಕುವ ಕಿತ್ತಳೆ ಟೀ ಶರ್ಟಿನ ಮೇಲಿನ ಸಿಟ್ಟೂ ಇಳಿಯಿತು.

ಮಧ್ಯಾಹ್ನದ ಹೊತ್ತಿಗೆ ಕಣಿವೆ ಕಿರಿದಾಯಿತು. ಬಿಸಿಲು ಮೇಲೆಯೇ ಉಳಿಯಿತು, ಕೆಳಗೆ ಬಂಡೆಗಳ ನಡುವೆ ಕಪ್ಪು ನೆರಳು. ಉಳಿದವರು ದಾಟಿ ಹೋಗಿದ್ದರು. ನಾನು ಒಂದು ಬಂಡೆ ಇಳಿದು, ಬಾಟಲಿಯೆತ್ತಿ ನೀರು ಕುಡಿಯತೊಡಗಿದೆ. ಅಕ್ಕ ಬಂಡೆಯ ಮೇಲೆ ನಿಂತಿದ್ದಳು. ಒಂದು ಕಾಲನ್ನು ಮುಂದೆ ಚಾಚಿ ಗಾಳಿಯಲ್ಲಿ ತಡಕಾಡಿದಳು, ಹಿಂದೆಗೆದುಕೊಂಡಳು, ಮತ್ತೆ ಚಾಚಿದಳು.

"ಎಲ್ಲಿದ್ದೀಯೇ? ಮಾತಾಡೇ," ಎಂದಳು, ಪಕ್ಕದ ಜಾಲಿ ಪೊದೆಯ ಕಡೆ ತಿರುಗಿ.

ನಾನು ಅವಳ ಕಾಲ ಕೆಳಗೇ ಇದ್ದೆ.

ಎಷ್ಟೋ ತಿಂಗಳಿಂದ ಅವಳು ಕತ್ತಲಾಗುವ ಮೊದಲೇ ಮನೆ ಸೇರುತ್ತಿದ್ದಳು. ಅಡುಗೆಮನೆಯ ಸಿಲಿಂಡರಿಗೆ ದಿನವೂ ಕಾಲು ತಾಗಿಸಿಕೊಳ್ಳುತ್ತಿದ್ದಳು. ನಾನು ಮೇಲೆ ಹತ್ತಿ ಪಕ್ಕದಲ್ಲಿ ಕೂತೆ.

"ನೆರಳಿಗೆ ಬಂದ್ರೆ ಏನೂ ಕಾಣಲ್ಲ ಕಣೇ. ಬಿಸಿಲಲ್ಲೂ ಎದುರಿಗಿರೋದಷ್ಟೇ ಕಾಣುತ್ತೆ."

"ಡಾಕ್ಟ್ರಿಗೆ ತೋರಿಸ್ದ್ಯಾ?"

"ತೋರಿಸ್ದೆ. ಔಷಧಿ ಇಲ್ವಂತೆ. ನಿಧಾನಕ್ಕೆ ಪೂರ್ತಿ ಹೋಗುತ್ತಂತೆ."

"ಮತ್ತೆ ಈ ಹಾಳು ಕಲ್ಲುಗಳಿಗೆ ಯಾಕೆ ಬಂದೆ?" ನನಗೆ ಅಳುವಿಗಿಂತ ಮೊದಲು ಸಿಟ್ಟೇ ಬಂತು.

"ಇದನ್ನ ದಾಟಕ್ಕಾದ್ರೆ ಅಮ್ಮಂಗೆ ಈಗ್ಲೇ ಹೇಳೋದು ಬೇಡ ಅಂದ್ಕೊಂಡಿದ್ದೆ. ಹೇಳಿದ್ರೆ ಕೆಲಸ ಬಿಟ್ಟು ಬಾ ಅಂತಾಳೆ. ಅಲ್ಲಿ ಮೂಲೇಲಿ ಕೂತು ಏನ್ ಮಾಡ್ಲಿ ಹೇಳು? ನಿನ್ನ ಟೀ ಶರ್ಟು, ನಿನ್ನ ದನಿ. ಅವೆರಡನ್ನೇ ನಂಬ್ಕೊಂಡು ಇಲ್ಲೀತನಕ ಬಂದೆ."

ದೂರದಿಂದ ಹೋಟೆಲಣ್ಣ ಕೂಗಿದರು. "ಎಂತ ಆಯ್ತು? ಬರ್ಬೇಕಾ?"

ಅಕ್ಕ ನನ್ನ ಮಣಿಕಟ್ಟು ಹಿಡಿದು ತಲೆಯಾಡಿಸಿದಳು.

"ಬೇಡ, ಫೋಟೋ ತೆಗೀತಿದ್ದೀವಿ!" ಎಂದು ಕೂಗಿದೆ. ಕ್ಯಾಮೆರಾ ಅವರ ಬಳಿಯೇ ಇತ್ತು.

ನಾನು ಮೊದಲು ಇಳಿದೆ. "ಬಲಗಾಲು ಇಳಿಸು. ಇನ್ನೂ ಕೆಳಗೆ. ಅಲ್ಲೊಂದು ಸಣ್ಣ ಮೆಟ್ಟಿಲಿನಂಗಿದೆ. ಈಗ ಎಡಗಾಲು." ನಡುವೆ ಅಳು ಬಂದು ನನ್ನ ಮಾತು ನಿಂತಿತು. ಅವಳು ಕಲ್ಲಿಗೆ ಅವುಚಿಕೊಂಡು, ಒಂದು ಕಾಲು ಗಾಳಿಯಲ್ಲಿ ಬಿಟ್ಟುಕೊಂಡು ಹಾಗೇ ನಿಂತಳು.

"ನಿಲ್ಲಿಸ್ಬೇಡ ಕಣೇ," ಎಂದಳು. ಆ ದನಿಯಲ್ಲಿದ್ದ ಭಯವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಳುತ್ತಲೇ ಮಾತು ಮುಂದುವರಿಸಿದೆ. ಅವಳು ಇಳಿದಳು.

ಉಳಿದ ಬಂಡೆಗಳನ್ನೂ ಹಾಗೆಯೇ ದಾಟಿದೆವು. ಕೊನೆಗೆ ಕಣಿವೆ ಅಗಲವಾಗಿ ಮರಳು ಬಂತು. ಆಚೆ ಬಸ್ಸಿನ ಪಕ್ಕದಲ್ಲಿ ನಿಂತು ಎಲ್ಲರೂ ನಮ್ಮತ್ತ ಕೈ ಬೀಸುತ್ತಿದ್ದರು. ಅಕ್ಕನೂ ಕೈ ಬೀಸಿದಳು, ಬೇರೆ ದಿಕ್ಕಿಗೆ.

"ಅವರು ಬಲಗಡೆ ಇದಾರೆ," ಎಂದೆ.

ಅವಳು ಕೈ ಇಳಿಸಿದಳು.

"ಸಂಜೆ ಅಮ್ಮಂಗೆ ಫೋನ್ ಮಾಡ್ತೀನಿ," ಎಂದಳು. ಆ ಕೈಯನ್ನು ನನ್ನ ಹೆಗಲ ಮೇಲಿಟ್ಟಳು. "ಈಗ ಸ್ವಲ್ಪ ಸುಮ್ನಿರ್ತೀಯಾ?"

ಬಸ್ಸಿನವರೆಗೂ ನಾನು ಮಾತಾಡಲಿಲ್ಲ.