ಆಂಥೂರಿಯಂಗೆ ಡಿಕಾಕ್ಷನ್

ಮೂಡಿಗೆರೆಯಲ್ಲಿ ಕಾಫಿ ತೋಟವಿದ್ದ ನಮ್ಮ ಪಕ್ಕದ ಮನೆಯ ಆಂಟಿ ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟನ್ನು ನೀರಿಗೆ ಕಲಸಿ ನೀಲಿ ಡ್ರಮ್ಮಿನಲ್ಲಿ ಹುಳಿಯಲು ಬಿಡುತ್ತಿದ್ದರು. ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸಿ, ಬಗ್ಗಿ ಮೂಸಿ, "ಡಿಕಾಕ್ಷನ್ ಇನ್ನೂ ಇಳಿದಿಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಆ ಗೊಬ್ಬರಕ್ಕೆ ಅವರಿಟ್ಟಿದ್ದ ಹೆಸರೇ ಅದು. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಆಂಥೂರಿಯಂ ಹೂಗಿಡದ ಬುಡಕ್ಕೆ ಹೊಯ್ಯುವುದು ಅವರ ಕ್ರಮ.

ಮಹಿಳಾ ಸಂಘದ ಕೈತೋಟ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಬೇಕೆಂದು ಅವರಿಗೆ ಬಹಳ ಆಸೆಯಿತ್ತು. ತೀರ್ಪುಗಾರರು ಬರುವ ದಿನ ಬೆಳಿಗ್ಗೆ ಸೀರೆ ಉಡುತ್ತಾ ಒಳಗಿನಿಂದಲೇ ಗಂಡನಿಗೆ ಕೂಗಿದರು: "ರೀ, ಗಿಡಕ್ಕೆ ಡಿಕಾಕ್ಷನ್ ಹಾಕಿಬಿಡಿ!"

ಅಂಕಲ್ ನೇರವಾಗಿ ಅಡುಗೆಮನೆಗೆ ಹೋದರು. ತೀರ್ಪುಗಾರರಿಗೆಂದು ಫಿಲ್ಟರಿನಲ್ಲಿ ಇಳಿಸಿಟ್ಟಿದ್ದ ಡಿಕಾಕ್ಷನ್ನಿಗೆ ಹತ್ತು ಪಾಲು ನೀರು ಬೆರೆಸಿ, ಅಷ್ಟನ್ನೂ ಆಂಥೂರಿಯಂಗೆ ಕುಡಿಸಿದರು.

"ಅಯ್ಯೋ, ಏನ್ ಮಾಡಿದ್ರಿ!"

"ನೀನೇ ಡಿಕಾಕ್ಷನ್ ಅಂದ್ಯಲ್ಲೇ?"

ಹೊಸದಾಗಿ ಇಳಿಸುವಷ್ಟು ಹೊತ್ತಿರಲಿಲ್ಲ. ಗೇಟಿನಲ್ಲಿ ಜೀಪು ನಿಂತಾಗಿತ್ತು. ಕಾಫಿ ತೋಟದವರ ಮನೆಯಲ್ಲಿ ತೀರ್ಪುಗಾರರು ಟೀ ಕುಡಿದರು. ಟ್ರೇ ಹಿಡಿದಿದ್ದ ಆಂಟಿ ಯಾರ ಮುಖವನ್ನೂ ನೋಡಲಿಲ್ಲ.

ಎರಡನೇ ಬಹುಮಾನ ಬಂತು. ಅಭಿನಂದಿಸಲು ಹೋದ ನನ್ನನ್ನು ಆಂಟಿ ಬಾಗಿಲಲ್ಲೇ ತಡೆದು ತಿದ್ದಿದರು: "ಹೂವಿಗೆ ಮೊದಲನೇದೇ ಕಣೇ. ಟೀಗೆ ಮಾರ್ಕ್ಸ್ ಕಳೆದ್ರು."