ಎತ್ತು ಒಪ್ಪಿದ ಮೋಟಾರ್ ಸೈಕಲ್ಲು

1946ರ ಕೊನೆಯಲ್ಲಿ ನಾನು ಮದ್ದೂರಿನಲ್ಲಿ ವೆಟರ್ನರಿ ಇನ್ಸ್‌ಪೆಕ್ಟರ್ ಆಗಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಕಚೇರಿ ಎಂದರೆ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಹೆಂಚಿನ ಕೊಠಡಿ, ಒಂದು ಬೀರು, ಒಂದು ಮೇಜು, ಮತ್ತು ವಯಸ್ಸಿನಲ್ಲಿ ನನಗಿಂತ ಹಿರಿಯದೆಂದೇ ಕಾಣುತ್ತಿದ್ದ ಒಂದು ಸೈಕಲ್. ಕೆಲಸದ ವ್ಯಾಪ್ತಿ ಮಾತ್ರ ಮೂರು ಊರುಗಳ ಸುತ್ತ ಹರಡಿಕೊಂಡಿತ್ತು. ಮದ್ದೂರಿನಿಂದ ಮಳವಳ್ಳಿಗೆ ಹದಿನೈದು ಮೈಲಿ, ಅಲ್ಲಿಂದ ಮಂಡ್ಯಕ್ಕೆ ಇಪ್ಪತ್ತು, ಮಂಡ್ಯದಿಂದ ಮರಳಿ ಮದ್ದೂರಿಗೆ ಹನ್ನೆರಡು. ಬಸ್ಸು ಇತ್ತು. ಆದರೆ ಯುದ್ಧ ಮುಗಿದು ವರ್ಷ ಕಳೆದರೂ ಅದು ಇನ್ನೂ ಪೆಟ್ರೋಲಿಗೆ ಬದಲು ಇದ್ದಿಲ ಹೊಗೆಯಲ್ಲೇ ಓಡುತ್ತಿತ್ತು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳಬೇಕು. ತಳ್ಳಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಏನೂ ಇರಲಿಲ್ಲ.

ಆ ಕಾಲದಲ್ಲಿ ನಮ್ಮ ದೊಡ್ಡ ಶತ್ರು ರಿಂಡರ್‌ಪೆಸ್ಟ್. ಹಳ್ಳಿಯವರು ಅದನ್ನು ದೊಡ್ಡರೋಗ ಎನ್ನುತ್ತಿದ್ದರು. ಒಂದು ಕೊಟ್ಟಿಗೆಗೆ ಹೊಕ್ಕರೆ ಊರಿನ ಕೊಟ್ಟಿಗೆಗಳೆಲ್ಲ ಖಾಲಿಯಾಗುವವರೆಗೂ ಬಿಡುತ್ತಿರಲಿಲ್ಲ. ಬಂದ ಮೇಲೆ ಔಷಧಿಯಿಲ್ಲ. ಮುಂಚೆಯೇ ಹಾಕುವ ಲಸಿಕೆಯೊಂದೇ ದಾರಿ. ಆ ಲಸಿಕೆ ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿನಲ್ಲಿ ಬೆಂಗಳೂರಿನಿಂದ ಬೆಳಗಿನ ರೈಲಿಗೆ ಮದ್ದೂರಿಗೆ ಬರುತ್ತಿತ್ತು. ಐಸು ಕರಗಿತೋ, ಲಸಿಕೆಯೂ ಸತ್ತಂತೆ. ಫ್ಲಾಸ್ಕು ಕೈಗೆ ಬಂದ ಮೇಲೆ ನನಗೆ ಸಿಗುತ್ತಿದ್ದುದು ಹೆಚ್ಚೆಂದರೆ ನಾಲ್ಕು ಗಂಟೆ. ಸೈಕಲ್ ತುಳಿದು ಮಳವಳ್ಳಿಯಾಚೆಯ ಹಳ್ಳಿ ಸೇರುವ ಹೊತ್ತಿಗೆ ಅದರಲ್ಲಿ ಮೂರು ಗಂಟೆ ದಾರಿಗೇ ಹೋಗಿರುತ್ತಿತ್ತು.

ಎರಡು ವರ್ಷ ಅರ್ಜಿ ಬರೆದ ಮೇಲೆ ಡಿಸೆಂಬರಿನಲ್ಲಿ ಆರ್ಡರ್ ಬಂತು. ಮಂಡ್ಯದ ಅಬ್ಬಾಸ್ ಸಾಹೇಬರ ಗ್ಯಾರೇಜಿನಲ್ಲಿ ಮೂರು ಮೋಟಾರ್ ಸೈಕಲ್ಲುಗಳಿವೆ, ಓಡಿಸಿ ನೋಡಿ ಒಂದನ್ನು ಆರಿಸಿ ವಾರದೊಳಗೆ ತಿಳಿಸಬೇಕು, ಒಮ್ಮೆ ಆರಿಸಿದ ಮೇಲೆ ಬದಲಾವಣೆಯ ಮಾತಿಲ್ಲ. ಆ ಕಾಗದವನ್ನು ನಾನು ಎಷ್ಟು ಸಲ ಓದಿಕೊಂಡೆನೆಂದರೆ, ಮನೆಯಾಕೆ ಅದನ್ನು ಕಟ್ಟು ಹಾಕಿಸಿ ದೇವರ ಪಕ್ಕ ಇಟ್ಟುಬಿಡಲೇ ಎಂದು ಕೇಳಿದಳು.

ಮೂರು ಗಾಡಿಗಳ ವಿಷಯ ಹೇಳಿಬಿಡುತ್ತೇನೆ. ಮೊದಲನೆಯದು ಯಾರೋ ಪ್ಲಾಂಟರ್ ದೊರೆ ಸ್ವದೇಶಕ್ಕೆ ಹೊರಟಾಗ ಮಾರಿಹೋದ 500 ಸಿಸಿ ಸ್ಪೋರ್ಟ್ಸ್ ಗಾಡಿ. ಕೆಂಪು ಟ್ಯಾಂಕು, ತಗ್ಗಿದ ಹ್ಯಾಂಡಲ್ಲು. ಎರಡನೆಯದು ಸೈನ್ಯದಿಂದ ಬಂದ 500 ಸಿಸಿ, ಹಳೇ ಮಾದರಿಯ ಸೈಡ್‌ವಾಲ್ವ್ ಎಂಜಿನ್ನಿನದು. ಭಾರವಾದದ್ದು, ನಿಧಾನದ್ದು, ಸೀಟು ಮಾತ್ರ ಸೋಫಾದಷ್ಟು ಮೆತ್ತಗೆ. ಮೂರನೆಯದೂ ಸೈನ್ಯದ್ದೇ, 350 ಸಿಸಿ. ಅರ್ಧ ಪೇಂಟು ಉದುರಿ, ಮಡ್‌ಗಾರ್ಡ್ ನೆಗ್ಗಿ, ಯುದ್ಧದಲ್ಲಿ ಸೋತ ಪಕ್ಷದ್ದೇನೋ ಎಂಬಂತೆ ಮೂಲೆಯಲ್ಲಿ ನಿಂತಿತ್ತು. ನಾನು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ.

ಕೆಂಪು ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಮಂಡ್ಯ-ಮದ್ದೂರು ರಸ್ತೆಯಲ್ಲಿ ಅರವತ್ತು ಮೈಲಿ ವೇಗ ಮುಟ್ಟಿದೆ. ಹಣೆಯ ಕೂದಲೆಲ್ಲ ಹಿಂದಕ್ಕೆ ಹಾರಿ, ಕಣ್ಣಲ್ಲಿ ನೀರು ಬಂದು, ನಾನು ಒಬ್ಬನೇ ಗಟ್ಟಿಯಾಗಿ ನಗುತ್ತಿದ್ದೆ. ಹನ್ನೆರಡು ಮೈಲಿಗೆ ಹದಿನಾರು ನಿಮಿಷ. ಮನಸ್ಸಿನಲ್ಲೇ ವರದಿ ಬರೆದು ಮುಗಿಸಿಬಿಟ್ಟೆ.

ಮಾರನೆಯ ದಿನ ಶುಕ್ರವಾರ. ಮಳವಳ್ಳಿಯಿಂದ ಐದು ಮೈಲಿ ಒಳಗಿದ್ದ ಕರಿಕಲ್ಲುಕೊಪ್ಪಲಿಗೆ ಲಸಿಕೆ ಹಾಕಬೇಕಿತ್ತು. ಏಳು ಮೈಲಿ ಆಚೆಯ ಊರಿಗೆ ದೊಡ್ಡರೋಗ ಬಂದಾಗಿತ್ತು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸಲು ಸುತ್ತಲ ಊರಿನ ದನಗಳೆಲ್ಲ ಕೊಪ್ಪಲಿನ ಬಯಲಿನಲ್ಲೇ ಸೇರುತ್ತಿದ್ದವು. ಲಸಿಕೆ ಹಾಕಿದ ಮೇಲೆ ಮೈಗೆ ಹತ್ತಲು ಹದಿನೈದು ದಿನ ಬೇಕು. ಹಾಗಾಗಿ ಡಿಸೆಂಬರ್ ಮುಗಿಯುವುದರೊಳಗೆ ಕೆಲಸ ಆಗಲೇಬೇಕು. ಇಲ್ಲವಾದರೆ ಆ ವರ್ಷ ಕಿಚ್ಚು ನಿಲ್ಲಿಸಿ ಎಂದು ನಾನೇ ಹೋಗಿ ಹೇಳಬೇಕು. ಹೇಳಿದರೆ ಯಾರೂ ಕೇಳುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು.

ಫ್ಲಾಸ್ಕನ್ನು ಬೆನ್ನಿಗೆ ಕಟ್ಟಿಕೊಂಡು, ಓಡಿಸಿ ನೋಡಲೆಂದು ತಂದಿದ್ದ ಕೆಂಪು ಗಾಡಿ ಹತ್ತಿದೆ. ಆ ದಿನ ಎಂಟು ಕಿಕ್ಕಿಗೆ ಎದ್ದಿತು, ಚಳಿಗೆ ಇರಬೇಕು ಎಂದುಕೊಂಡೆ. ಮಳವಳ್ಳಿಯವರೆಗೆ ಸುಖವೋ ಸುಖ. ಅಲ್ಲಿಂದ ನಾಲೆ ಏರಿಯ ದಾರಿ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ತಗ್ಗು, ನಡುವೆ ಒಂದು ಎತ್ತಿನಗಾಡಿ ಹೋಗಿ ಅಂಚಿನಲ್ಲಿ ಎರಡು ಮೊಳ ಉಳಿಯುವಷ್ಟು ಜಾಗ. ಆಲೆಮನೆಗಳಿಗೆ ಕಬ್ಬು ಹೊತ್ತ ಎತ್ತಿನಗಾಡಿಗಳು ಎದುರಿಗೆ ಸಾಲಾಗಿ ಬರುತ್ತಿದ್ದವು. ಅಂಚಿಗೆ ಒತ್ತಿ ಮೆಲ್ಲಗೆ ಹೋಗೋಣವೆಂದು ಥ್ರಾಟಲ್ ಇಳಿಸಿದರೆ ನನ್ನ ಗಾಡಿ ಆರಿಹೋಯಿತು. ಹೈ ಕಂಪ್ರೆಷನ್ ಎಂಜಿನ್. ಅದಕ್ಕೆ ಓಡುವುದು ಗೊತ್ತು, ನಡೆಯುವುದು ಗೊತ್ತಿಲ್ಲ. ಮತ್ತೆ ಸ್ಟಾರ್ಟ್ ಮಾಡಿ ಆರದಿರಲೆಂದು ಥ್ರಾಟಲ್ ಕೊಟ್ಟೆ. ಅದು ಗುಡುಗಿತು. ಮುಂದಿನ ಗಾಡಿಯ ಎತ್ತುಗಳು ಬೆದರಿ ನಾಲೆಯ ಕಡೆ ತಿರುಗಿದವು.

"ಲೇ, ಆ ಗುಡುಗ ನಿಲ್ಸಲಾ. ಎತ್ತು ನಾಲೆಗ್ ಬೀಳ್ತವೆ" ಎಂದು ಗಾಡಿಯವನು ಕೂಗಿದ. ನಂತರ ನನ್ನ ಮುಖ ಗುರುತಿಸಿ, "ಓ, ದನಿನ್ ಡಾಕ್ಟ್ರಾ?" ಎಂದ. ಆ ಎರಡನೆಯ ಮಾತೇ ನನಗೆ ಹೆಚ್ಚು ಚುಚ್ಚಿತು.

ಎಂಜಿನ್ ನಿಲ್ಲಿಸಿದೆ. ಇಪ್ಪತ್ತೇಳು ಗಾಡಿಗಳು ಹೋದವು. ಆಮೇಲೆ ಕಿಕ್ ಹೊಡೆದರೆ ಜೀವವಿಲ್ಲ. ಕಾದ ಎಂಜಿನ್ನು, ರೇಷನ್ನಿನ ಕಳಪೆ ಪೆಟ್ರೋಲು, ಮಸಿ ಹಿಡಿದ ಪ್ಲಗ್ಗು. ಪ್ಲಗ್ ಬಿಚ್ಚಿ ಒರೆಸಿ, ತಳ್ಳಿ ಓಡಿ, ಮತ್ತೊಂದು ಸಾಲು ಎದುರಾಗಿ ಮತ್ತೆ ನಿಂತು, ಕೊಪ್ಪಲು ಮುಟ್ಟುವಾಗ ಮಧ್ಯಾಹ್ನ ಎರಡೂವರೆ. ಫ್ಲಾಸ್ಕಿನ ಮುಚ್ಚಳ ತೆಗೆದೆ. ಒಳಗೆ ಬರೀ ಬೆಚ್ಚಗಿನ ನೀರು.

ಊರಿನಲ್ಲಿ ಚಿಕ್ಕತಾಯಮ್ಮನ ಮಾತೇ ಮಾತು. ಅರವತ್ತು ದಾಟಿದ ವಿಧವೆ, ನಾಲ್ಕು ಜೊತೆ ಎತ್ತು ಕಟ್ಟಿದಾಕೆ. ಲಸಿಕೆಗೆ ಅವಳು ದನ ಕಟ್ಟಿಹಾಕಿದರೆ ಊರೆಲ್ಲ ಕಟ್ಟಿಹಾಕುತ್ತಿತ್ತು. ನಾನು ಲಸಿಕೆಯನ್ನು ಗುಂಡಿ ತೋಡಿ ಸುರಿಯುವುದನ್ನು ಅವಳು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಬೆಳಿಗ್ಗಿಂದ ದನ ಕಟ್ಟಾಕಿ ಕುಂತಿವ್ನಿ ಕಣಪ್ಪ. ಮೇವಿಗೂ ಬುಟ್ಟಿಲ್ಲ. ನೀನು ಬಂದು ಮಣ್ಗೆ ಸೂಜಿಮದ್ದು ಕುಡಿಸ್ತಿದ್ದೀಯ."

ಸೋಮವಾರದ ರೈಲಿಗೆ ಇನ್ನೊಂದು ಫ್ಲಾಸ್ಕು ಬರುತ್ತದೆ, ಅದು ತಪ್ಪಿದರೆ ಹಬ್ಬದೊಳಗೆ ಮತ್ತೆ ಇಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಹತ್ತಿರದ ಎತ್ತಿನ ಹಗ್ಗ ಬಿಚ್ಚಿ ಮೇವಿಗೆ ಬಿಟ್ಟಳು. "ಇನ್ನೊಂದ್ಸಲ ಕಟ್ತೀನಿ. ಮೂರ್ನೇ ಸಲ ಕೇಳ್ಬ್ಯಾಡ" ಎಂದಳು.

ಅಲ್ಲೇ ಜಗಲಿಯ ಮೇಲೆ ಚಿಕ್ಕರಸಿನಕೆರೆಯ ಬೋರೇಗೌಡ ಕೂತಿದ್ದ. ಎತ್ತಿನ ವ್ಯಾಪಾರದವನು, ಅವನು ಒಪ್ಪಿದ ಜೊತೆಯನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಚಿಕ್ಕತಾಯಮ್ಮನ ಹೋರಿಗಳನ್ನು ನೋಡಲು ಬಂದವನು ನನ್ನ ಕೆಂಪು ಗಾಡಿಯನ್ನು ಒಂದು ಸುತ್ತು ಹಾಕಿ ಕೇಳಿದ: "ಇದ್ನ ಹೆಂಗ್ ಆರಿಸ್ದ್ರಿ ಡಾಕ್ಟ್ರೇ?"

"ಓಡಿಸಿ ನೋಡಿದೆ. ಇನ್ನೂ ಎರಡು ಮಂಡ್ಯದ ಗ್ಯಾರೇಜಿನಲ್ಲಿವೆ."

"ಎತ್ನ ಯಾರೂ ಓಡ್ಸಿ ಕೊಳ್ಳಕಿಲ್ಲ. ಓಡೋದು ಎಲ್ಲ ಓಡ್ತವೆ. ನಿಂತ್ಕಳಾದ್ ನೋಡ್ಬೇಕು. ನಾಳೀಕೆ ನಾನೂ ಬತ್ತೀನಿ."

ಶನಿವಾರ ಬೆಳಿಗ್ಗೆ ಇಬ್ಬರೂ ಮಂಡ್ಯದ ಗ್ಯಾರೇಜಿನಲ್ಲಿದ್ದೆವು. ಕೆಂಪು ಗಾಡಿಯನ್ನು ವಾಪಸು ಕೊಟ್ಟೆ. ಬೋರೇಗೌಡ ಅಬ್ಬಾಸ್ ಸಾಹೇಬರಿಗೆ ನಮಸ್ಕಾರ ಹೇಳಿ, ಉಳಿದ ಎರಡೂ ಗಾಡಿಗಳ ಎಂಜಿನ್ನಿನ ಮೇಲೆ ಅಂಗೈ ಇಟ್ಟ. ಜ್ವರ ನೋಡುವಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದು, "ತಣ್ಣಗವೆ" ಎಂದ. ನನ್ನ ಕಡೆ ತಿರುಗಿ, "ಆ ಕೆಂಪುದ್ದು ನೀವ್ ನೋಡ್ದಾಗ ತಣ್ಣಗಿತ್ತಾ?" ಎಂದು ಕೇಳಿದ. ನಾನು ಮುಟ್ಟಿಯೇ ನೋಡಿರಲಿಲ್ಲ.

ಸಾಹೇಬರು ನಕ್ಕುಬಿಟ್ಟರು. "ನೀವು ಬರೋ ಮುಂಚೆ ಅರ್ಧ ಗಂಟೆ ಓಡಿಸಿ ಇಟ್ಟಿದ್ದೆ ಸ್ವಾಮಿ. ಬೆಳಿಗ್ಗೆ ಏಳೋಕೆ ಅದು ಸ್ವಲ್ಪ ಸೋಮಾರಿ. ನೀವು ಕೇಳಿದ್ದರೆ ಹೇಳ್ತಿದ್ದೆ." ಸಂತೆಯಲ್ಲಿ ಹೊಟ್ಟೆ ತುಂಬಿಸಿ, ಮೈ ತಿಕ್ಕಿ, ಕೊಂಬು ಹೆರೆದು ನಿಲ್ಲಿಸಿದ ಎತ್ತನ್ನು ನಂಬಬೇಡಿ ಎಂದು ರೈತರಿಗೆ ಭಾಷಣ ಮಾಡುತ್ತಿದ್ದವನು ನಾನು. ನನ್ನ ಕೊಳ್ಳುವ ಸರದಿ ಬಂದಾಗ ಕೆಂಪು ಬಣ್ಣ ನೋಡಿ ಬಾಯಿ ಬಿಟ್ಟಿದ್ದೆ.

ಸೈಡ್‌ವಾಲ್ವ್ ಗಾಡಿ ನಿಧಾನಕ್ಕೆ ಚೆನ್ನಾಗಿ ನಡೆಯಿತು. ಬೋರೇಗೌಡ ಅದನ್ನು ನೆಲಕ್ಕೆ ಮಲಗಿಸಿ, "ಎಬ್ಬಿಸಿ" ಎಂದ. ಮುನ್ನೂರೈವತ್ತು ಪೌಂಡಿಗಿಂತ ಹೆಚ್ಚು ತೂಕ. ನಾನು ತಿಣುಕಿದೆ, ಅದು ಗೇಣು ಎದ್ದು ಮತ್ತೆ ಮಲಗಿತು. "ನಾಲೆ ಮ್ಯಾಲೆ ಒಬ್ರೇ ಇರ್ತೀರ. ಬಿದ್ರೆ ಇದ್ರ ಪಕ್ಕದಲ್ಲೇ ಮನಿಕಬೇಕಾಯ್ತದೆ" ಎಂದ.

ಉಳಿದದ್ದು ಮೂಲೆಯದು. ತಣ್ಣಗಿದ್ದರೂ ಎರಡನೆಯ ಕಿಕ್ಕಿಗೆ ಎದ್ದಿತು. ಮಲಗಿಸಿದರೆ ಒಬ್ಬನೇ ಎತ್ತಿದೆ. ಒಂದು ಫರ್ಲಾಂಗ್ ದೂರ ಬೋರೇಗೌಡನ ನಡಿಗೆಗೆ ಸಮನಾಗಿ ಓಡಿಸಿದೆ, ಆರಲಿಲ್ಲ. ಕೊನೆಗೆ ಅವನು ರಸ್ತೆಯಲ್ಲಿ ಕಬ್ಬಿನ ಗಾಡಿ ನಿಲ್ಲಿಸಿಕೊಂಡಿದ್ದವನೊಬ್ಬನನ್ನು ಮಾತಾಡಿಸಿ ಒಪ್ಪಿಸಿ, ಎತ್ತಿನ ಮೂಗಿಗೆ ಮಾರುದೂರದಲ್ಲಿ ಗಾಡಿಯನ್ನು ತುಪತುಪ ಎನ್ನಿಸುತ್ತ ನಿಲ್ಲಿಸಲು ಹೇಳಿದ. ಗ್ಯಾರೇಜಿನವರೆಲ್ಲ ಕೆಲಸ ಬಿಟ್ಟು ಹೊರಗೆ ಬಂದರು. ಎತ್ತು ಕಿವಿ ಒಂದು ಸಲ ಮುಂದಕ್ಕೆ ತಂದಿತು, ಮತ್ತೆ ಹಿಂದಕ್ಕೆ ಬಿಟ್ಟಿತು, ಮೆಲುಕು ಹಾಕುವುದನ್ನು ಮುಂದುವರಿಸಿತು.

"ಒಪ್ಕತು ಬುಡಿ" ಎಂದ ಬೋರೇಗೌಡ.

ನನಗೆ ಮಾತ್ರ ಒಳಗೊಳಗೇ ಬೇಸರ. ನಾಲೆಯ ದಾರಿಗೆ ಇದು ಸರಿ, ಆದರೆ ಆ ಅರವತ್ತು ಮೈಲಿಯ ವೇಗವನ್ನು ಬಿಟ್ಟುಕೊಟ್ಟೆನಲ್ಲ ಎಂದು. ಸಂಜೆ ಮದ್ದೂರಿನ ಕಡೆ ಹೊರಟಾಗ ರಸ್ತೆ ಖಾಲಿಯಿತ್ತು. ನೋಡಿಯೇಬಿಡೋಣವೆಂದು ಥ್ರಾಟಲ್ ತಿರುಗಿಸಿದೆ. ಗಾಡಿ ಹಗುರ, ಮುಂದಿನ ಫೋರ್ಕಿನಲ್ಲಿ ಎಣ್ಣೆ ತುಂಬಿದ ಟೆಲಿಸ್ಕೋಪಿಕ್ ಸ್ಪ್ರಿಂಗು. ಕೆಂಪು ಗಾಡಿ ಹಲ್ಲು ಕಟಕಟ ಎನ್ನಿಸಿದ್ದ ಹಳ್ಳಗಳ ಮೇಲೆ ಇದು ತೇಲಿಕೊಂಡು ಹೋಯಿತು. ತಿರುವುಗಳಲ್ಲಿ ನಾನು ಮನಸ್ಸು ಮಾಡುವ ಮೊದಲೇ ಬಾಗುತ್ತಿತ್ತು. ಐವತ್ತೈದಕ್ಕಿಂತ ಮೇಲೆ ಹೋಗಲಿಲ್ಲ, ಆದರೆ ಎಲ್ಲೂ ಬ್ರೇಕ್ ಹಿಡಿಯಬೇಕಾಗಲಿಲ್ಲ. ಮನೆ ತಲುಪಿ ಗಡಿಯಾರ ನೋಡಿದರೆ ಹದಿನಾರು ನಿಮಿಷ. ನಂಬಿಕೆ ಬರದೆ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದೆ. ಓಡುತ್ತಿತ್ತು.

ಸೋಮವಾರ ರೈಲು ಇಪ್ಪತ್ತು ನಿಮಿಷ ತಡವಾಗಿ ಬಂತು. ಒಂಬತ್ತು ಇಪ್ಪತ್ತಕ್ಕೆ ಫ್ಲಾಸ್ಕು ಕಟ್ಟಿಕೊಂಡು ಹೊರಟೆ. ನಾಲೆ ಏರಿಯ ಮೇಲೆ ಅದೇ ಕಬ್ಬಿನ ಗಾಡಿಗಳು. ಅಂಚಿಗೆ ಒತ್ತಿ, ಫಸ್ಟ್ ಗೇರಿನಲ್ಲಿ, ಎತ್ತುಗಳ ಉಸಿರು ಮೊಣಕಾಲಿಗೆ ತಗುಲುವಷ್ಟು ಹತ್ತಿರ ಒಂದೊಂದನ್ನೇ ದಾಟಿದೆ. ಒಂದೂ ಬೆದರಲಿಲ್ಲ. ಶುಕ್ರವಾರ ನನಗೆ ಬೈದಿದ್ದ ಗಾಡಿಯವನು ಕಬ್ಬಿನ ಜಲ್ಲೆಯೊಂದನ್ನು ಮುರಿದು ನನ್ನ ಕ್ಯಾರಿಯರಿಗೆ ಸಿಕ್ಕಿಸಿ, "ಇದು ವಾಸಿ ಕಣ್ರೀ ಡಾಕ್ಟ್ರೇ" ಎಂದ.

ಹತ್ತೂಕಾಲಿಗೆ ಕೊಪ್ಪಲಿನಲ್ಲಿದ್ದೆ. ಮುಚ್ಚಳ ತೆಗೆದರೆ ಐಸಿನ ಚೂರುಗಳು ಗಲಗಲ ಎಂದವು. ಚಿಕ್ಕತಾಯಮ್ಮ ಬೆರಳು ಅದ್ದಿ ನೋಡಿ, ಚಳಿಗೆ ಕೈ ಕೊಡವಿ, ತನ್ನ ದೊಡ್ಡ ಜೊತೆಯನ್ನೇ ಮೊದಲು ತಂದು ನಿಲ್ಲಿಸಿದಳು. ಐಸು ಇರುವಷ್ಟರಲ್ಲಿ ಇನ್ನೂರ ಹನ್ನೆರಡು ದನಕ್ಕೆ ಲಸಿಕೆ ಮುಗಿಯಿತು. ದನ ಹಿಡಿದು ಕೊಟ್ಟವನು ಬೋರೇಗೌಡ.

ದೊಡ್ಡರೋಗ ಆ ತಿಂಗಳು ಇನ್ನೂ ಎರಡು ಊರುಗಳಿಗೆ ಬಂತು. ಕೊಪ್ಪಲಿಗೆ ಬರಲಿಲ್ಲ. ಲಸಿಕೆಯಾಗದ ಊರುಗಳ ದನಗಳನ್ನು ಆ ವರ್ಷ ಬಯಲಿಗೆ ಬಿಡಕೂಡದೆಂದು ಕೇಳಿಕೊಂಡಿದ್ದೆ. ಚಿಕ್ಕತಾಯಮ್ಮ ಅದನ್ನು ತಾನೇ ಮುಂದೆ ನಿಂತು ನಡೆಸಿದಳು.

ಸಂಕ್ರಾಂತಿಯ ಸಂಜೆ ನನ್ನನ್ನೂ ಕರೆದಿದ್ದರು. ಅರಿಶಿನ ಬಳಿದ, ಚೆಂಡುಹೂ ಕಟ್ಟಿದ ಇನ್ನೂರ ಹನ್ನೆರಡೂ ದನಗಳು ಒಂದೊಂದಾಗಿ ಹುಲ್ಲಿನ ಉರಿಯ ಮೇಲೆ ಹಾರಿದವು. ನಾನು ಎಣಿಸುತ್ತ ನಿಂತಿದ್ದೆ. ಎಣಿಕೆ ಮುಗಿಸಿ ತಿರುಗಿ ನೋಡಿದರೆ ನನ್ನ ಮೋಟಾರ್ ಸೈಕಲ್ಲಿನ ಹೆಡ್‌ಲೈಟಿಗೂ ಅರಿಶಿನ, ಹ್ಯಾಂಡಲ್ಲಿಗೂ ಚೆಂಡುಹೂವಿನ ಮಾಲೆ.

"ಇದೂ ಹಾಯ್ಲಿ" ಎಂದಳು ಚಿಕ್ಕತಾಯಮ್ಮ.

"ಅಮ್ಮಾ, ಸರ್ಕಾರದ ಗಾಡಿ. ಹೊಟ್ಟೆಯಲ್ಲಿ ಪೆಟ್ರೋಲ್ ಇದೆ, ಬೆಂಕಿ ಹತ್ತಿಕೊಳ್ಳುತ್ತದೆ."

"ನನ್ ಎತ್ತಿನ್ ಹೊಟ್ಟೇಲೂ ಹುಲ್ಲದೆ ಕಣಪ್ಪ. ಹುಲ್ಲಿಗೂ ಬೆಂಕಿ ಅತ್ಕತದೆ."

ನಾನು ಟ್ಯಾಂಕಿನ ಮುಚ್ಚಳವನ್ನು ಬಿಗಿ ಮಾಡಿದೆ. ಬೋರೇಗೌಡ ಉರಿಯನ್ನು ಕಾಲಿನಿಂದ ಸರಿಸಿ ಒಂದು ಹಿಡಿ ಹುಲ್ಲಿನಷ್ಟು ಉಳಿಸಿದ. ನಾನು ನೂರು ಗಜ ಹಿಂದೆ ಹೋಗಿ, ಸೆಕೆಂಡ್ ಗೇರಿಗೆ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು ಬಂದೆ. ಒಂದು ಕ್ಷಣ ಪಾದಕ್ಕೆ ಬಿಸಿ ತಟ್ಟಿತು, ಅಷ್ಟೆ. ಆಚೆ ಬದಿಯಲ್ಲಿ ಊರೇ ಕೇಕೆ ಹಾಕುತ್ತಿತ್ತು, ನಾನೂ ಹಾಕುತ್ತಿದ್ದೆ. ಲಾಗ್ ಪುಸ್ತಕದಲ್ಲಿ ಆ ದಿನದ ಎದುರು "ಸ್ಥಳ ಪರೀಕ್ಷೆ, ತೃಪ್ತಿಕರ" ಎಂದು ಬರೆದೆ.

ಆ ಗಾಡಿಯನ್ನು ಹನ್ನೊಂದು ವರ್ಷ ಓಡಿಸಿದೆ. ಆರಿಸಿದವನು ನಾನೆಂದು ಇಲಾಖೆಯ ಕಡತದಲ್ಲಿದೆ. ನಾನು ಆರಿಸಿದ್ದು ಕೆಂಪು ಗಾಡಿಯನ್ನು. ಇದನ್ನು ಆರಿಸಿದವರು ಅದೇ ದಾರಿಯಲ್ಲಿ ದಿನವೂ ನಡೆಯುವ ಜನ, ಅವರ ಎತ್ತುಗಳು. ಕೆಲಸಕ್ಕೆ ಏನನ್ನಾದರೂ ಕೊಳ್ಳುವಾಗ ಯಾರನ್ನು ಕೇಳಬೇಕು ಎಂಬುದನ್ನು ನನ್ನ ಮೂವತ್ತು ವರ್ಷದ ನೌಕರಿ ಕಲಿಸಿದ್ದು ಆ ನಾಲ್ಕು ದಿನಗಳಲ್ಲಿ. ಅವರು ಒಪ್ಪಿದ ಮೇಲೆ ನನಗೆ ಬೇಕಾಗಿದ್ದ ವೇಗವೂ ಅದರಲ್ಲೇ ಸಿಕ್ಕಿತು.